ಚಿಕ್ಕ ಲಾರಿ, ದೊಡ್ಡ ಸಾಲ: ಅಮೆರಿಕದ ‘ಹಾಟ್‌ಶಾಟ್’ ಸಾಗಣೆಯ ಒಳಲೆಕ್ಕ

ಪರರ ಕೈಕೆಳಗಿನ ದುಡಿಮೆಯನ್ನು ಬಿಟ್ಟು, ಸ್ವಂತದ್ದೊಂದು ವಾಹನವನ್ನು ಕೊಂಡು ಬಾಡಿಗೆಗೆ ಓಡಿಸಿ ಬದುಕಬೇಕೆಂಬ ಆಸೆ ಯಾವ ದೇಶದ ದುಡಿಮೆಗಾರನಿಗೂ ಹೊಸದಲ್ಲ. ತನ್ನ ವೇಳೆಗೆ ತಾನೇ ಒಡೆಯನಾಗಬೇಕು, ತನ್ನ ಬೆವರಿನ ಫಲ ತನ್ನ ಮನೆಗೇ ಸೇರಬೇಕು ಎಂಬ ಈ ಹಂಬಲದಲ್ಲಿ ತಪ್ಪೇನೂ ಇಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೆಲವು ವರ್ಷಗಳಿಂದ ಈ ಹಂಬಲವು ‘ಹಾಟ್‌ಶಾಟ್’ ಸಾಗಣೆ ಎಂಬ ಹೆಸರಿನಿಂದ ಸಾವಿರಾರು ಕುಟುಂಬಗಳನ್ನು ಸೆಳೆದಿದೆ. ಹದಿನೆಂಟು ಚಕ್ರಗಳ ದೈತ್ಯ ಲಾರಿಗೆ ಬದಲಾಗಿ ಬಲಿಷ್ಠವಾದ ಒಂದು ಪಿಕಪ್ ವಾಹನ. ಅದರ ಬೆನ್ನಿಗೆ ಕೊಕ್ಕೆ ಹಾಕಿ ಜೋಡಿಸಿದ ಸುಮಾರು 40 ಅಡಿ ಉದ್ದದ ತೆರೆದ ಟ್ರೈಲರ್. ಅದರ ಮೇಲೆ ಒಂದು ಟ್ರ್ಯಾಕ್ಟರ್, ಕಬ್ಬಿಣದ ಕೊಳವೆಗಳ ಕಟ್ಟು, ಇಲ್ಲವೇ ಒಂದು ಯಂತ್ರದ ಬಿಡಿಭಾಗ. ಚಾಲಕನೇ ಮಾಲೀಕ, ಮಾಲೀಕನೇ ಗುಮಾಸ್ತ. ದೊಡ್ಡ ಲಾರಿಯೊಂದಕ್ಕೆ ಬೇಕಾಗುವ ಬಂಡವಾಳದ ಒಂದಂಶವಿದ್ದರೆ ಸಾಕು, ನಾಳೆಯೇ ರಸ್ತೆಗಿಳಿಯಬಹುದು ಎಂಬುದು ಇದರ ಆಕರ್ಷಣೆ.

ಸಾಗರದಾಚೆಯ ಈ ಸಂಗತಿಯನ್ನು ಈ ಪುಟದಲ್ಲಿ ವಿಚಾರಿಸುವುದಕ್ಕೆ ಕಾರಣವಿದೆ. ನಮ್ಮ ಅನೇಕ ಕುಟುಂಬಗಳ ಮಕ್ಕಳೂ ಬಂಧುಗಳೂ ಇಂದು ಆ ದೇಶದಲ್ಲಿದ್ದಾರೆ. ಅದಕ್ಕೂ ಮಿಗಿಲಾಗಿ, ಉಳಿತಾಯದ ಹಣವನ್ನೂ ಬ್ಯಾಂಕಿನ ಸಾಲವನ್ನೂ ಕೂಡಿಸಿ ಒಂದು ವಾಹನವನ್ನು ಕೊಳ್ಳುವ ನಿರ್ಧಾರವು ಎಲ್ಲಿಯೇ ಆಗಲಿ ಇಡೀ ಮನೆಯನ್ನೇ ಪಣಕ್ಕೊಡ್ಡುವ ನಿರ್ಧಾರ. ಅಮೆರಿಕದ ಈ ಉದ್ಯಮವು ಕಳೆದ ಆರೇಳು ವರ್ಷಗಳಲ್ಲಿ ಕಂಡ ಏರಿಳಿತವನ್ನು ನೋಡಿದರೆ, ಸುಲಭವಾಗಿ ತೆರೆಯುವ ಬಾಗಿಲಿನ ಒಳಗೆ ಏನಿರುತ್ತದೆ ಎಂಬುದನ್ನು ಮುಂಚಿತವಾಗಿ ಅರಿಯಬಹುದು.

ಅವಸರಕ್ಕೆ ಸಂದ ಬೆಲೆ

‘ಹಾಟ್‌ಶಾಟ್’ ಸಾಗಣೆಯ ಮೂಲವನ್ನು 1970ರ ದಶಕದ ಟೆಕ್ಸಾಸ್ ಎಣ್ಣೆ ಬಾವಿಗಳಲ್ಲಿ ಗುರುತಿಸುತ್ತಾರೆ. ಭೂಮಿಯನ್ನು ಕೊರೆಯುವ ಯಂತ್ರದಲ್ಲಿ ಒಂದು ಕವಾಟವೋ ಪಂಪಿನ ಭಾಗವೋ ಕೆಟ್ಟಿತೆಂದರೆ ಇಡೀ ಕಾಮಗಾರಿ ನಿಲ್ಲುತ್ತದೆ. ಕೆಲಸಗಾರರು ಕೈಕಟ್ಟಿ ಕುಳಿತರೂ ಅವರ ಕೂಲಿ, ಯಂತ್ರದ ಬಾಡಿಗೆ ನಿಲ್ಲುವುದಿಲ್ಲ. ಆ ಚಿಕ್ಕ ಭಾಗವನ್ನು ತರಲು ದೊಡ್ಡ ಲಾರಿ ಸರಕಿನಿಂದ ತುಂಬುವವರೆಗೆ ಕಾಯುವಂತಿಲ್ಲ. ಆಗ ಪಿಕಪ್ ವಾಹನವಿದ್ದವನು ಮಧ್ಯರಾತ್ರಿಯಲ್ಲಿಯೇ ಹೊರಟು ನಸುಕಿಗೆ ವಸ್ತುವನ್ನು ತಲುಪಿಸುತ್ತಿದ್ದ. ಅವನು ಕೇಳಿದ ಬಾಡಿಗೆ ಎಷ್ಟೇ ಹೆಚ್ಚೆನಿಸಿದರೂ, ನಿಂತ ಬಾವಿಯ ಒಂದು ಗಂಟೆಯ ನಷ್ಟದೆದುರು ಅದು ಅಲ್ಪವೇ ಆಗಿತ್ತು.

ಈ ಮೂಲವನ್ನು ಮರೆಯಬಾರದು. ಈ ವೃತ್ತಿಯು ಲಾಭ ತಂದದ್ದು ವಾಹನ ಚಿಕ್ಕದಾಗಿದ್ದುದರಿಂದಲ್ಲ, ಗಿರಾಕಿಯ ಅವಸರ ದೊಡ್ಡದಾಗಿದ್ದುದರಿಂದ. ಅವಸರವಿಲ್ಲದ ಸಾಮಾನ್ಯ ಸರಕನ್ನು ಹೊರುವ ಪೈಪೋಟಿಯಲ್ಲಿ ಪಿಕಪ್ ವಾಹನವು ದೊಡ್ಡ ಲಾರಿಗೆ ಸಾಟಿಯಾಗಲಾರದು. ಅಮೆರಿಕದ ಹೆದ್ದಾರಿಯಲ್ಲಿ ದೊಡ್ಡ ಲಾರಿಗೆ ಸರಕೂ ಸೇರಿ 80,000 ಪೌಂಡ್, ಅಂದರೆ ಸುಮಾರು 36,000 ಕಿಲೋಗ್ರಾಂ ಒಟ್ಟು ತೂಕದ ಅನುಮತಿಯಿದೆ; ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸರಕೇ. ಸಾಧಾರಣ ಹಾಟ್‌ಶಾಟ್ ವಾಹನ ಹೊರುವುದು ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಬ್ಬರಿಗೂ ಚಾಲಕ ಒಬ್ಬನೇ, ಕ್ರಮಿಸಬೇಕಾದ ದಾರಿಯೂ ಒಂದೇ.

ಕಾನೂನು ತೆರೆದ ಬಾಗಿಲು

ಒಬ್ಬ ಸಾಮಾನ್ಯ ಮನುಷ್ಯನು ಒಂದು ವಾಹನದೊಡನೆ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸಲು ಅಮೆರಿಕದಲ್ಲಿ ಎಂದಿನಿಂದಲೂ ಅವಕಾಶವಿತ್ತೆಂದು ಭಾವಿಸುವುದು ಸರಿಯಲ್ಲ. 1935ರ ಕಾಯಿದೆಯ ಪ್ರಕಾರ ಹೊಸಬನು ತನ್ನ ಸೇವೆ ಸಾರ್ವಜನಿಕರಿಗೆ ಅಗತ್ಯವೆಂದು ಆಯೋಗವೊಂದರ ಮುಂದೆ ಸಾಧಿಸಿ ತೋರಿಸಬೇಕಾಗಿತ್ತು. ಈಗಾಗಲೇ ಕ್ಷೇತ್ರದಲ್ಲಿದ್ದ ಸಂಸ್ಥೆಗಳು ಆಕ್ಷೇಪಣೆ ಎತ್ತಬಹುದಾಗಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 1980ರ ಜುಲೈ 1ರಂದು ಸಹಿ ಹಾಕಿದ ಮೋಟಾರ್ ಕ್ಯಾರಿಯರ್ ಕಾಯಿದೆ ಈ ಗೋಡೆಯನ್ನು ಬಹುಮಟ್ಟಿಗೆ ಕೆಡವಿತು. ಬಾಡಿಗೆಯ ದರವನ್ನು ಪೈಪೋಟಿಯೇ ನಿರ್ಧರಿಸತೊಡಗಿತು. ಇದರಿಂದ ಸರಕು ಕಳುಹಿಸುವವರಿಗೆ ಅಗ್ಗದ ಸಾಗಣೆ ದೊರೆಯಿತು, ಬಡವನಿಗೂ ಉದ್ಯಮದ ಪ್ರವೇಶ ದೊರೆಯಿತು. ಅದರ ಜೊತೆಗೇ, ದರ ಕುಸಿದಾಗ ಹಿಡಿದು ನಿಲ್ಲಿಸುವ ಆಸರೆಯೂ ಇಲ್ಲವಾಯಿತು.

ಸರಕಿದ್ದವನನ್ನೂ ವಾಹನವಿದ್ದವನನ್ನೂ ಜೊತೆಗೂಡಿಸುವ ವ್ಯವಸ್ಥೆಯೂ ಆ ಹೊತ್ತಿಗೆ ಬೆಳೆಯತೊಡಗಿತ್ತು. ಆರಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಒಂದು ಲಾರಿ ತಂಗುದಾಣದಲ್ಲಿ 1978ರಲ್ಲಿ, ಎಲ್ಲೆಲ್ಲಿ ಯಾವ ಸರಕು ಕಾದಿದೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಏರ್ಪಾಡು ಆರಂಭವಾಯಿತು. ಅದೇ ಮುಂದೆ ‘ಡ್ಯಾಟ್’ ಎಂಬ ಪ್ರಸಿದ್ಧ ಸರಕು ಫಲಕವಾಗಿ ಬೆಳೆಯಿತು. ಇಂದು ಆ ಫಲಕ ಚಾಲಕನ ಕಿಸೆಯ ಮೊಬೈಲಿನಲ್ಲಿದೆ. ಒಬ್ಬನೇ ಒಬ್ಬ ಗಿರಾಕಿಯ ಪರಿಚಯವಿಲ್ಲದೆಯೂ ವೃತ್ತಿಯನ್ನು ಆರಂಭಿಸಬಹುದೆಂಬ ಧೈರ್ಯವನ್ನು ಹೊಸಬರಿಗೆ ಕೊಟ್ಟದ್ದು ಇದೇ. ಅಮೆರಿಕದ ಸಾಗಣೆ ಸಂಸ್ಥೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮೀರಿದವು ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿಗಳ ಚಿಕ್ಕ ಸಂಸ್ಥೆಗಳು ಎಂಬುದು ಈ ಬದಲಾವಣೆಯ ಫಲ.

ತೂಕದ ಗೆರೆ

ಹಾಟ್‌ಶಾಟ್ ವೃತ್ತಿಗೆ ಹೊಸಬರು ಮುಗಿಬೀಳುವುದಕ್ಕೆ ಇನ್ನೊಂದು ಕಾರಣ ಲೈಸನ್ಸಿನದು. ವಾಹನ ಮತ್ತು ಟ್ರೈಲರ್ ಎರಡರ ನಮೂದಿತ ತೂಕ ಸೇರಿ 26,000 ಪೌಂಡ್, ಅಂದರೆ ಸುಮಾರು 11,800 ಕಿಲೋಗ್ರಾಂ ಮೀರದಿದ್ದರೆ, ಅಲ್ಲಿ ‘ಸಿಡಿಎಲ್’ ಎಂದು ಕರೆಯುವ ವಾಣಿಜ್ಯ ಚಾಲನಾ ಲೈಸನ್ಸ್ ಬೇಕಿಲ್ಲ. ಕಾರು ಓಡಿಸುವ ಸಾಮಾನ್ಯ ಲೈಸನ್ಸ್ ಸಾಕು. 2022ರ ಫೆಬ್ರವರಿ 7ರಿಂದ ಹೊಸದಾಗಿ ಸಿಡಿಎಲ್ ಪಡೆಯುವವರಿಗೆ ಅಂಗೀಕೃತ ತರಬೇತಿ ಕಡ್ಡಾಯವಾಗಿರುವುದರಿಂದ ಈ ವಿನಾಯಿತಿಯ ಆಕರ್ಷಣೆ ಇನ್ನೂ ಹೆಚ್ಚಿತು.

ಆದರೆ ಈ ಗೆರೆ ತೋರುವಷ್ಟು ಸರಳವಲ್ಲ. ಇಲ್ಲಿ ಗಣನೆಗೆ ಬರುವುದು ಆ ದಿನ ಹೊತ್ತ ಭಾರ ಮಾತ್ರವಲ್ಲ, ತಯಾರಕನು ವಾಹನದ ಮೇಲೆ ನಮೂದಿಸಿದ ಗರಿಷ್ಠ ತೂಕವೂ ಹೌದು. 14,000 ಪೌಂಡ್ ನಮೂದಿನ ಪಿಕಪ್ಪಿಗೆ 14,000 ಪೌಂಡ್ ನಮೂದಿನ ಟ್ರೈಲರ್ ಜೋಡಿಸಿದರೆ ಮೊತ್ತ 28,000 ಆಯಿತು. ಟ್ರೈಲರ್ ಬರಿದಾಗಿದ್ದರೂ ಸಿಡಿಎಲ್ ಬೇಕಾಯಿತು. ಗೆರೆಯೊಳಗೇ ಉಳಿಯಬೇಕೆಂದು ಕಡಿಮೆ ನಮೂದಿನ ಟ್ರೈಲರ್ ಕೊಂಡವನು ಕಡಿಮೆ ಸರಕಿಗೆ ತೃಪ್ತನಾಗಬೇಕು. ಹೊರುವ ಭಾರ ಕಡಿಮೆಯಾದಂತೆ ಸಿಗುವ ಸರಕೂ, ಅದರ ಬಾಡಿಗೆಯೂ ಕಡಿಮೆ.

ಲೈಸನ್ಸಿನಿಂದ ವಿನಾಯಿತಿ ದೊರೆತವನಿಗೆ ಕಾನೂನಿನಿಂದ ವಿನಾಯಿತಿ ದೊರೆಯಿತೆಂದು ತಿಳಿಯುವವರೂ ಇದ್ದಾರೆ. 10,001 ಪೌಂಡ್, ಅಂದರೆ ಸುಮಾರು 4,500 ಕಿಲೋಗ್ರಾಂ ತೂಕದಿಂದಲೇ ವಾಹನವು ಅಂತರರಾಜ್ಯ ವಾಣಿಜ್ಯ ವಾಹನವೆಂದು ಪರಿಗಣಿತವಾಗುತ್ತದೆ. ಆಗ ಕೇಂದ್ರ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ ಬೇಕು, ಬಾಡಿಗೆಗೆ ಸರಕು ಸಾಗಿಸುವ ಅಧಿಕಾರಪತ್ರ ಬೇಕು, ಚಾಲಕನಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು, ವಾಹನಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಹತ್ತು ಗಂಟೆಗಳ ವಿಶ್ರಾಂತಿಯ ನಂತರದ 14 ಗಂಟೆಗಳ ಅವಧಿಯೊಳಗೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ದೂರದ ದಾರಿಯಲ್ಲಿ ದುಡಿಯುವವರ ಪೈಕಿ ಹೆಚ್ಚಿನವರು ಅದನ್ನು ವಾಹನದಲ್ಲಿಯೇ ಜೋಡಿಸಿದ ಇಲೆಕ್ಟ್ರಾನಿಕ್ ಯಂತ್ರದಲ್ಲಿ ದಾಖಲಿಸಬೇಕೆಂಬ ನಿಯಮ 2017ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹೊಸ ಸಂಸ್ಥೆಯನ್ನು 18 ತಿಂಗಳ ಕಾಲ ವಿಶೇಷ ನಿಗಾದಲ್ಲಿಟ್ಟು, ಅಧಿಕಾರಿಗಳು ಕಡತಗಳನ್ನು ಪರಿಶೀಲಿಸುತ್ತಾರೆ.

ಇವೆಲ್ಲಕ್ಕೂ ಮಿಗಿಲಾದುದು ವಿಮೆ. ಅಧಿಕಾರಪತ್ರದ ಅರ್ಜಿಗೆ ಶುಲ್ಕ 300 ಡಾಲರ್ ಮಾತ್ರ. ಆದರೆ ಅಪಘಾತದಲ್ಲಿ ಪರರಿಗಾಗುವ ಹಾನಿಗೆ ಕನಿಷ್ಠ 7,50,000 ಡಾಲರ್ ಮೊತ್ತದ ವಿಮೆ ಇರಲೇಬೇಕು. ದಲ್ಲಾಳಿಗಳು ಸಾಮಾನ್ಯವಾಗಿ ಕೇಳುವುದು 10 ಲಕ್ಷ ಡಾಲರಿನದು. ಸ್ವಂತ ಓಡಾಟಕ್ಕಾಗಿ ಮಾಡಿಸಿದ ವಿಮೆಯು ಬಾಡಿಗೆಯ ದುಡಿಮೆಯಲ್ಲಿ ಕೆಲಸಕ್ಕೆ ಬಾರದು. ಅನುಭವದ ದಾಖಲೆಯಿಲ್ಲದ ಹೊಸಬನಿಂದ ವಿಮಾ ಕಂಪೆನಿಯು ಅತಿ ಹೆಚ್ಚಿನ ವಿಮಾ ಕಂತನ್ನು ಕೇಳುತ್ತದೆ. ಕಾನೂನು ಬಾಗಿಲಲ್ಲಿ ಕೇಳದೆ ಬಿಟ್ಟುದನ್ನು ವಿಮೆಗಾರನು ಒಳಗೆ ಬಂದಮೇಲೆ ವಸೂಲು ಮಾಡುತ್ತಾನೆ.

ಮೈಲಿಯ ಲೆಕ್ಕ

ಇನ್ನು ಆದಾಯದ ಮಾತು. ಮೈಲಿಗೆ 2 ಡಾಲರ್ ಬಾಡಿಗೆ ಎಂದು ಕೇಳಿದಾಗ ಅದು ಒಳ್ಳೆಯ ದುಡಿಮೆಯೆಂದೇ ತೋರುತ್ತದೆ. ಉದಾಹರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿ ನೋಡೋಣ. 500 ಮೈಲಿಗಳ ಸರಕಿಗೆ 1,000 ಡಾಲರ್ ಬಾಡಿಗೆ ಸಿಕ್ಕಿತು. ಆದರೆ ಸರಕು ಇರುವ ಊರನ್ನು ತಲುಪಲು 200 ಮೈಲಿ ಖಾಲಿ ಓಡಬೇಕಾಯಿತು. ಒಟ್ಟು ಓಟ 700 ಮೈಲಿ. ಆದುದರಿಂದ ನಿಜವಾದ ಬಾಡಿಗೆ ಮೈಲಿಗೆ 1 ಡಾಲರ್ 43 ಸೆಂಟು ಮಾತ್ರ. ಗ್ಯಾಲನ್ನಿಗೆ 10 ಮೈಲಿಯಂತೆ 70 ಗ್ಯಾಲನ್ ಡೀಸೆಲ್ ಬೇಕು. ಗ್ಯಾಲನ್ನಿಗೆ 3 ಡಾಲರ್ 70 ಸೆಂಟು ಎಂದಿಟ್ಟುಕೊಂಡರೆ 259 ಡಾಲರ್. ಟಯರು, ಎಣ್ಣೆ, ದುರಸ್ತಿಗಳಿಗೆ ಮೈಲಿಗೆ 20 ಸೆಂಟಿನಂತೆ 140 ಡಾಲರ್. ಹಣ ಕೈಸೇರಲು ತಿಂಗಳು ಕಾಯಲಾರದೆ, ಬಿಲ್ಲನ್ನು ಮುಂಗಡವಾಗಿ ನಗದು ಮಾಡಿಕೊಡುವವರಿಗೆ ನೂರಕ್ಕೆ ಮೂರರಂತೆ 30 ಡಾಲರ್.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಗಾಡಿ ಓಡಲಿ, ಅಂಗಳದಲ್ಲಿ ನಿಂತಿರಲಿ, ತೆರಬೇಕಾದ ಖರ್ಚುಗಳೂ ಇವೆ. ವಿಮೆ, ವಾಹನ ಮತ್ತು ಟ್ರೈಲರಿನ ಸಾಲದ ಕಂತು, ಸರಕು ಫಲಕದ ಚಂದಾ, ನೋಂದಣಿ ಮುಂತಾದವು ಸೇರಿ ವರ್ಷಕ್ಕೆ 40,000 ಡಾಲರ್ ಎಂದು ಹಿಡಿಯೋಣ. ವರ್ಷಕ್ಕೆ 80,000 ಮೈಲಿ ಓಡಿದರೆ ಈ ಭಾರ ಮೈಲಿಗೆ 50 ಸೆಂಟು. ನಮ್ಮ 700 ಮೈಲಿಗೆ 350 ಡಾಲರ್. ಎಲ್ಲವನ್ನೂ ಕಳೆದರೆ 1,000 ಡಾಲರಿನಲ್ಲಿ ಉಳಿಯುವುದು 221. ಇಡೀ ವರ್ಷಕ್ಕೆ ಸುಮಾರು 25,000 ಡಾಲರ್. ಸ್ವಂತ ಉದ್ಯೋಗಿಯು ಕಟ್ಟಬೇಕಾದ ನೂರಕ್ಕೆ 15.3ರ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ತೆರಿಗೆ, ಕುಟುಂಬದ ಆರೋಗ್ಯ ವಿಮೆ, ದಾರಿಯ ಊಟ ಇವೆಲ್ಲವೂ ಇದರಲ್ಲಿಯೇ ಆಗಬೇಕು.

ಈಗ ಸರಕು ಕಡಿಮೆಯಾಗಿ ಓಟವು 80,000ದಿಂದ 60,000 ಮೈಲಿಗೆ ಇಳಿಯಿತೆನ್ನೋಣ. ನಿಂತ ಖರ್ಚಿನ ಭಾರ ಮೈಲಿಗೆ 67 ಸೆಂಟಿಗೆ ಏರುತ್ತದೆ. ಪ್ರತಿ ಸರಕಿನಲ್ಲಿ ಉಳಿಯುವುದು 221ರ ಬದಲು 104 ಡಾಲರ್. ಇಡೀ ವರ್ಷಕ್ಕೆ ಸುಮಾರು 9,000. ಓಟ ಕಡಿಮೆಯಾದದ್ದು ನಾಲ್ಕರಲ್ಲಿ ಒಂದು ಪಾಲು. ಆದಾಯ ಕಡಿಮೆಯಾದದ್ದು ಮೂರರಲ್ಲಿ ಎರಡು ಪಾಲಿಗೆ ಸಮೀಪ. ಬಾಡಿಗೆಯ ದರವೂ ಅದೇ ಕಾಲಕ್ಕೆ ಇಳಿದರೆ ಉಳಿಕೆಯ ಮಾತೇ ಇಲ್ಲ. ಸಾಲದ ಮೇಲೆ ನಿಂತ ವಾಹನದ ಉದ್ಯಮವು ಏಕೆ ಒಮ್ಮಿಂದೊಮ್ಮೆಗೇ ಕುಸಿಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಏರಿದ ಅಲೆ, ಇಳಿದ ಅಲೆ

ಇದು ಬರಿಯ ಕಾಗದದ ಲೆಕ್ಕವಲ್ಲವೆಂಬುದಕ್ಕೆ 2020ರಿಂದೀಚಿನ ಇತಿಹಾಸವೇ ಸಾಕ್ಷಿ. ಕೊರೋನಾ ಪಿಡುಗಿನ ಕಾಲದಲ್ಲಿ ಹೋಟೆಲು, ಪ್ರವಾಸಗಳಿಗೆ ಹೋಗಲಾರದ ಅಮೆರಿಕನ್ನರು ಸರಕಾರದ ನೆರವಿನ ಹಣದಿಂದ ಸಾಮಾನುಗಳನ್ನು ಕೊಂಡರು. ಸರಕಿಗೆ ಲಾರಿ ಸಾಲದಾಯಿತು, ಬಾಡಿಗೆ ಏರಿತು. 2020ರ ಬೇಸಿಗೆಯಲ್ಲಿ ಡೀಸೆಲಿನ ದೇಶವ್ಯಾಪಿ ಸರಾಸರಿ ಬೆಲೆ ಗ್ಯಾಲನ್ನಿಗೆ ಎರಡೂವರೆ ಡಾಲರಿಗಿಂತ ಕೆಳಗಿತ್ತು, ಬಡ್ಡಿಯೂ ಕನಿಷ್ಠವಾಗಿತ್ತು. ಕೆಲಸ ಕಳೆದುಕೊಂಡವರೂ, ಕೆಲಸವಿದ್ದು ಬೇಸತ್ತವರೂ ಹೊಸ ಅಧಿಕಾರಪತ್ರಗಳಿಗಾಗಿ ಸಾಲುಗಟ್ಟಿದರು. ಬಿಡಿಭಾಗಗಳ ಕೊರತೆಯಿಂದ ಹೊಸ ವಾಹನಗಳು ಸಿಗದೆ, ಹಳೆಯ ಪಿಕಪ್ಪುಗಳ ಬೆಲೆಯೂ ಗಗನಕ್ಕೇರಿತು. ಆ ಬೆಲೆಗೇ ಸಾಲ ಮಾಡಿ ಕೊಂಡವರು ಅನೇಕರು.

2022ರಲ್ಲಿ ಗಾಳಿ ತಿರುಗಿತು. ಉಕ್ರೇನ್ ಯುದ್ಧದ ತರುವಾಯ ಜೂನ್ ತಿಂಗಳಲ್ಲಿ ಡೀಸೆಲ್ ಗ್ಯಾಲನ್ನಿಗೆ 5 ಡಾಲರ್ 81 ಸೆಂಟಿನ ದಾಖಲೆ ಮಟ್ಟವನ್ನು ಮುಟ್ಟಿತು. ಸಾಮಾನುಗಳ ಬೇಡಿಕೆ ಇಳಿದು ಬಾಡಿಗೆಯೂ ಇಳಿಯಿತು. ಕೇಂದ್ರ ಬ್ಯಾಂಕ್ ಬಡ್ಡಿಯ ದರವನ್ನು ಸೊನ್ನೆಯ ಸಮೀಪದಿಂದ 2023ರ ಜುಲೈ ಹೊತ್ತಿಗೆ ನೂರಕ್ಕೆ ಐದೂಕಾಲಕ್ಕೂ ಮೀರಿಸಿತು. ಅಮೆರಿಕನ್ ಟ್ರಾನ್ಸ್‌ಪೋರ್ಟೇಷನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಗಣನೆಯಂತೆ ಲಾರಿಯೊಂದನ್ನು ಒಂದು ಮೈಲಿ ಓಡಿಸುವ ವೆಚ್ಚ 2022ರಲ್ಲಿ ಮೊದಲ ಬಾರಿಗೆ 2 ಡಾಲರನ್ನು ದಾಟಿ 2 ಡಾಲರ್ 25 ಸೆಂಟು ಆಯಿತು; ಮರುವರ್ಷವೂ ಇಳಿಯಲಿಲ್ಲ.

ದೊಡ್ಡವರೂ ಈ ಹೊಡೆತದಿಂದ ಪಾರಾಗಲಿಲ್ಲ. ಸುಮಾರು 30,000 ನೌಕರರಿದ್ದ ‘ಯೆಲ್ಲೋ’ ಸಂಸ್ಥೆ 2023ರ ಜುಲೈ ಕೊನೆಯಲ್ಲಿ ತನ್ನ ಲಾರಿಗಳನ್ನು ನಿಲ್ಲಿಸಿ ದಿವಾಳಿಯಾಯಿತು; ಅದಕ್ಕೆ ಹಳೆಯ ಸಾಲಗಳೂ ಕಾರ್ಮಿಕ ಸಂಘದೊಡನೆಯ ವಿವಾದವೂ ಕಾರಣವಾಗಿದ್ದವು. ಸರಕು ಮತ್ತು ಲಾರಿಗಳನ್ನು ಕಂಪ್ಯೂಟರಿನ ಮೂಲಕವೇ ಜೋಡಿಸುತ್ತಿದ್ದ ಸಿಯಾಟಲಿನ ‘ಕಾನ್ವಾಯ್’ ಅದೇ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ದೊಡ್ಡ ಸಂಸ್ಥೆ ಮುಳುಗಿದಾಗ ಪತ್ರಿಕೆಗಳಲ್ಲಿ ವರದಿಯಾಗುತ್ತದೆ. ಒಂದೇ ಗಾಡಿಯ ಮಾಲೀಕ ಮುಳುಗಿದಾಗ ಅವನ ಮನೆಯವರಿಗಷ್ಟೇ ತಿಳಿಯುತ್ತದೆ. ಸಾಗಣೆ ಕ್ಷೇತ್ರದ ಈ ಮಂದಗತಿ 2025ರವರೆಗೂ ಎಳೆಯಿತು. ಆ ವರ್ಷ ಆಮದು ಉಕ್ಕಿನ ಮೇಲಿನ ಸುಂಕವು ಮೊದಲು ನೂರಕ್ಕೆ 25, ಜೂನ್ ತಿಂಗಳಿಂದ ನೂರಕ್ಕೆ 50 ಆದುದು, ಉಕ್ಕು ಮತ್ತು ಯಂತ್ರೋಪಕರಣಗಳನ್ನೇ ಹೆಚ್ಚಾಗಿ ಹೊರುವ ಹಾಟ್‌ಶಾಟ್ ಚಾಲಕರಿಗೆ ಮತ್ತೊಂದು ಅನಿಶ್ಚಿತತೆಯಾಯಿತು.

ಎಣ್ಣೆ ಬಾವಿಯನ್ನೇ ನಂಬಿದವರಿಗೂ ಶಾಶ್ವತ ಭದ್ರತೆಯಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ಎಣ್ಣೆಯ ವಾಯಿದಾ ಬೆಲೆ ಸೊನ್ನೆಗಿಂತಲೂ ಕೆಳಗಿಳಿದುದನ್ನು ಜಗತ್ತು ಕಂಡಿತು. ಬಾವಿಗಳೇ ನಿಂತಾಗ ಅವಸರದ ಸರಕಾದರೂ ಎಲ್ಲಿಯದು?

ದಲ್ಲಾಳಿಯ ಪರದೆ

ಗಿರಾಕಿಯ ಮುಖ ಕಾಣದೆ, ಪರದೆಯ ಮೇಲಿನ ಸರಕನ್ನೇ ನಂಬಿ ದುಡಿಯುವವನಿಗೆ ಇನ್ನೂ ಒಂದು ಅಪಾಯವಿದೆ. ಅವನು ಕಾಣುವ ಬಾಡಿಗೆ, ದಲ್ಲಾಳಿಯು ತನ್ನ ಪಾಲನ್ನು ಇಟ್ಟುಕೊಂಡು ಉಳಿಸಿದ ಬಾಡಿಗೆ. ವ್ಯವಹಾರದ ದಾಖಲೆಯನ್ನು ನೋಡುವ ಹಕ್ಕನ್ನು ಕೇಂದ್ರದ ನಿಯಮಗಳು ಚಾಲಕನಿಗೆ ಕೊಟ್ಟಿದ್ದರೂ, ಆ ಹಕ್ಕನ್ನು ಬಿಟ್ಟುಕೊಡುವಂತೆ ಕರಾರಿನಲ್ಲಿಯೇ ಬರೆಸಿಕೊಳ್ಳುವ ರೂಢಿ ಬೆಳೆದಿದೆ. ಇದಕ್ಕಿಂತ ಹೀನವಾದುದು ಇಮ್ಮಡಿ ದಲ್ಲಾಳಿತನ: ಸರಕನ್ನು ತಾನೇ ಸಾಗಿಸುವುದಾಗಿ ಒಪ್ಪಿಕೊಂಡವನು ಅದನ್ನು ಗುಟ್ಟಾಗಿ ಮತ್ತೊಬ್ಬನಿಗೆ ದಾಟಿಸಿ, ಬಾಡಿಗೆಯ ಹಣವನ್ನು ತೆಗೆದುಕೊಂಡು ಮಾಯವಾಗುವುದು. ಬೆವರು ಸುರಿಸಿ ಸರಕು ತಲುಪಿಸಿದವನಿಗೆ ಉಳಿಯುವುದು ಡೀಸೆಲಿನ ರಸೀದಿ. ದಲ್ಲಾಳಿಯು ಇಡಬೇಕಾದ ಭದ್ರತಾ ಮೊತ್ತವನ್ನು 2013ರಲ್ಲಿ 75,000 ಡಾಲರಿಗೆ ಏರಿಸಲಾಯಿತಾದರೂ, ಒಬ್ಬ ದಲ್ಲಾಳಿ ಮುಳುಗಿದಾಗ ಆ ಮೊತ್ತಕ್ಕೆ ಕೈಚಾಚುವವರು ಹಲವರಿರುತ್ತಾರೆ.

ಸಹಿಗೆ ಮುನ್ನ

ಹಾಗಾದರೆ ಈ ವೃತ್ತಿಯಲ್ಲಿ ನಿಂತವರು ಯಾರೂ ಇಲ್ಲವೇ? ಇದ್ದಾರೆ. ಅವರ ನಿಲುವಿಗೆ ಕಾರಣವಾದುದು ವೃತ್ತಿಯ ಮೂಲ ಗುಣವೇ. ಕೃಷಿಯಂತ್ರಗಳ ಮಾರಾಟಗಾರನೊಬ್ಬನಿಗೆ, ಉಕ್ಕಿನ ಕೆಲಸದ ಕಾರ್ಖಾನೆಗೆ, ಕಟ್ಟಡದ ಗುತ್ತಿಗೆದಾರನಿಗೆ ‘ಕರೆದ ಹೊತ್ತಿಗೆ ಬರುವ ಮನುಷ್ಯ’ನಾಗಿ ಉಳಿದವನ ಬಾಡಿಗೆಯನ್ನು ಪರದೆಯ ಮೇಲಿನ ದರವು ಅಷ್ಟಾಗಿ ಅಲುಗಿಸುವುದಿಲ್ಲ. ಗಿರಾಕಿಯನ್ನು ಮೊದಲು ಸಂಪಾದಿಸಿ ಅನಂತರ ಗಾಡಿಯನ್ನು ಕೊಂಡವನಿಗೂ, ಗಾಡಿಯನ್ನು ಮೊದಲು ಕೊಂಡು ಅನಂತರ ಸರಕನ್ನು ಅರಸಿದವನಿಗೂ ಇರುವ ಅಂತರವೇ ಈ ಉದ್ಯಮದ ಸೋಲು ಗೆಲುವುಗಳ ಅಂತರ.

ಆದುದರಿಂದ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಗಂಡ ಹೆಂಡತಿ ಒಟ್ಟಿಗೆ ಕುಳಿತು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಮೊದಲ ಗಿರಾಕಿ ಯಾರು, ಅವನ ಹೆಸರೇನು? ಹಿಂದಿರುಗುವ ದಾರಿಯ ಸರಕು ಎಲ್ಲಿಂದ? ಖಾಲಿ ಓಟವನ್ನೂ ಸೇರಿಸಿದ ಮೇಲೆ ಒಂದು ಮೈಲಿಯ ಖರ್ಚು ಎಷ್ಟು? ಎಂಜಿನ್ ಕೆಟ್ಟು ಗಾಡಿ ಒಂದು ತಿಂಗಳು ನಿಂತರೆ ಮನೆಯ ಖರ್ಚು ಎಲ್ಲಿಂದ ನಡೆಯುತ್ತದೆ? ಉದ್ಯಮವನ್ನು ಸೀಮಿತ ಹೊಣೆಯ ಕಂಪೆನಿಯಾಗಿ ನೋಂದಾಯಿಸಿದ್ದರೂ ಸಾಲ ಕೊಡುವವನು ಸಾಮಾನ್ಯವಾಗಿ ಮಾಲೀಕನ ವೈಯಕ್ತಿಕ ಖಾತರಿಯನ್ನು ಕೇಳುತ್ತಾನೆ. ಆಗ ಪಣಕ್ಕೆ ಬೀಳುವುದು ಗಾಡಿ ಮಾತ್ರವಲ್ಲ, ಮನೆಯೂ ಹೌದು. ಹೊಸ ಗಾಡಿ ಕೊಂಡರೆ ತೆರಿಗೆ ಉಳಿಯುತ್ತದೆ ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಸವಕಳಿಯ ವಿನಾಯಿತಿ ಆದಾಯವಿದ್ದವನಿಗೆ ಉಪಕಾರಿ. ಆದಾಯವೇ ಇಲ್ಲದವನಿಗೆ ಅದು ಕಂತು ಕಟ್ಟುವುದಿಲ್ಲ.

ಈ ಲೆಕ್ಕದಲ್ಲಿ ಹಣದ ರೂಪ ತಾಳದ ಒಂದು ಬಾಬೂ ಇದೆ. ವಾರಗಟ್ಟಲೆ ಮನೆಯಿಂದ ದೂರವಿದ್ದು, ವಾಹನದ ಹಿಂದಿನ ಸೀಟಿನಲ್ಲಿ ಮಲಗಿ, ಗಡಿಯಾರದೊಡನೆ ಹೋರಾಡುವ ತಂದೆಯ ಮನೆಯಲ್ಲಿ ಮಕ್ಕಳು ಬೆಳೆಯುತ್ತಿರುತ್ತಾರೆ. ಸ್ವಾತಂತ್ರ್ಯಕ್ಕಾಗಿ ಆರಂಭಿಸಿದ ಉದ್ಯಮವು ಕಂತಿನ ದಾಸ್ಯವಾದರೆ ಕಳೆದುಕೊಂಡ ಆ ದಿನಗಳು ಮರಳಿ ಬಾರವು.

ನಮ್ಮವರಿಗೆ

ಅಮೆರಿಕದಲ್ಲಿರುವ ಬಂಧುಗಳು ಗಮನಿಸಬೇಕಾದ ಸಂಗತಿಗಳು ಬೇರೆಯೂ ಇವೆ. ಎಚ್-1ಬಿ ವೀಸಾದಲ್ಲಿರುವವರು ತಮ್ಮ ಅರ್ಜಿಯಲ್ಲಿ ಹೆಸರಿಸಿದ ಉದ್ಯೋಗದಾತರ ಹೊರಗೆ ದುಡಿಯುವಂತಿಲ್ಲ. ಬಿಡುವಿನಲ್ಲಿ ಗಾಡಿ ಓಡಿಸಿ ಸಂಪಾದಿಸುವೆನೆಂಬ ಯೋಚನೆ ಅವರ ವಾಸದ ಹಕ್ಕಿಗೇ ಕುತ್ತು ತರಬಲ್ಲದು. ವಾಣಿಜ್ಯ ಚಾಲಕರಿಗೆ ಇಂಗ್ಲಿಷ್ ತಿಳಿದಿರಬೇಕೆಂಬ ಹಳೆಯ ನಿಯಮವನ್ನು 2025ರ ಜೂನ್ 25ರಿಂದ ಬಿಗಿಯಾಗಿ ಜಾರಿಗೊಳಿಸಲಾಯಿತು. ರಸ್ತೆಬದಿಯ ತಪಾಸಣೆಯಲ್ಲಿ ಅನುತ್ತೀರ್ಣನಾದವನನ್ನು ಅಲ್ಲಿಯೇ ಚಾಲನೆಯಿಂದ ನಿಲ್ಲಿಸಲು ಅಧಿಕಾರಿಗಳಿಗೆ ಸೂಚನೆಯಾಯಿತು. ಸಿಡಿಎಲ್ ಬೇಕಿಲ್ಲದ ಅಂತರರಾಜ್ಯ ಹಾಟ್‌ಶಾಟ್ ಚಾಲಕನಿಗೂ ಈ ನಿಯಮ ಅನ್ವಯಿಸುತ್ತದೆ. ಅದೇ ವರ್ಷದ ಆಗಸ್ಟ್ 21ರಂದು ಲಾರಿ ಚಾಲಕರಿಗೆ ಉದ್ಯೋಗ ವೀಸಾ ನೀಡಿಕೆಯನ್ನು ತಡೆಹಿಡಿದಿರುವುದಾಗಿ ಅಲ್ಲಿನ ವಿದೇಶಾಂಗ ಸಚಿವರು ಪ್ರಕಟಿಸಿದರು. ಚಾಲಕನ ಕೆಲಸ ಕೊಡಿಸುತ್ತೇವೆಂದು ಇಲ್ಲಿ ಹಣ ಕೇಳುವವರ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡುವುದು ಲೇಸು.

ಊರಿನಲ್ಲಿಯೇ ಚಿಕ್ಕ ಸರಕು ವಾಹನವನ್ನು ಕೊಳ್ಳಹೊರಟವರಿಗೂ ಈ ಕಥೆ ಪರಕೀಯವಲ್ಲ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಂದಿನಿಂದ ಒಂದೇ ಗಾಡಿಯ ಮಾಲೀಕರ ಹೊಸ ವರ್ಗವೊಂದು ನಮ್ಮಲ್ಲಿಯೂ ಬೆಳೆದಿದೆ. ಇಲ್ಲಿಯೂ ತೂಕದ ಗೆರೆಗಳಿವೆ: ಮೋಟಾರು ವಾಹನ ಕಾಯಿದೆಯಂತೆ ಒಟ್ಟು 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಹಗುರ ವಾಹನದ ಲೈಸನ್ಸ್ ಇದ್ದವರು 7,500 ಕಿಲೋಗ್ರಾಂಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ. 2015ರ ಮುದ್ರಾ ಯೋಜನೆಯಲ್ಲಿ ಆಸ್ತಿಯ ಅಡಮಾನವಿಲ್ಲದೆ ಸಾಲ ದೊರೆಯುವ ಅನುಕೂಲವೂ ಇದೆ. ಇವೆಲ್ಲ ಸ್ವಾಗತಾರ್ಹವಾದ ಅನುಕೂಲಗಳು. ಆದರೆ ಬಾಗಿಲು ನಮಗೆ ತೆರೆದಷ್ಟೇ ಸುಲಭವಾಗಿ ನೆರೆಯವನಿಗೂ ತೆರೆದಿರುತ್ತದೆ. ಒಂದೇ ಸ್ಟ್ಯಾಂಡಿನಲ್ಲಿ ಹತ್ತು ಗಾಡಿಗಳು ನಿಂತಾಗ ಬಾಡಿಗೆಯನ್ನು ನಿರ್ಧರಿಸುವವನು ಗಿರಾಕಿಯೇ ಹೊರತು ನಾವಲ್ಲ. ಬೇಕರಿಯೊಂದರ ನಿತ್ಯದ ಸರಬರಾಜು, ಪೀಠೋಪಕರಣದ ಅಂಗಡಿಯ ಮನೆ ಮನೆಗೆ ತಲುಪಿಸುವ ಕೆಲಸ, ಮದುವೆ ಊಟದ ಗುತ್ತಿಗೆದಾರನ ಪಾತ್ರೆ ಸಾಮಾನು, ಇಂಥ ಒಂದೆರಡು ಖಚಿತ ಬಾಡಿಗೆಗಳನ್ನು ಮೊದಲು ಮಾತನಾಡಿಕೊಂಡು, ಖಾಲಿ ಓಟವನ್ನೂ ಸೇರಿಸಿ ಕಿಲೋಮೀಟರಿನ ಖರ್ಚನ್ನು ಬರೆದು ನೋಡಿದವನು ಮೈಮರೆತು ಮೋಸಹೋಗುವ ಸಂಭವ ಕಡಿಮೆ.

ಸ್ವಂತ ದುಡಿಮೆಯ ಹಂಬಲವನ್ನು ಯಾರೂ ಕುಗ್ಗಿಸಬಾರದು. ಆದರೆ ಧೈರ್ಯವೊಂದೇ ಬಂಡವಾಳವಾಗಲಾರದು. ಎಲ್ಲರೂ ಕೊಳ್ಳುತ್ತಿರುವಾಗ, ಬಾಡಿಗೆ ತುತ್ತತುದಿಯಲ್ಲಿರುವಾಗ, ಗಾಡಿಯ ಬೆಲೆಯೂ ತುತ್ತತುದಿಯಲ್ಲಿರುವಾಗ ಸಾಲ ಮಾಡಿ ಒಳನುಗ್ಗಿದವನೇ ಅಲೆ ಇಳಿದಾಗ ಮೊದಲು ಮುಳುಗುತ್ತಾನೆಂಬುದು ಅಮೆರಿಕದ ಹೆದ್ದಾರಿಗಳು ಕಲಿಸಿದ ಪಾಠ. ಶೋರೂಮಿನ ಬಾಗಿಲನ್ನು ತುಳಿಯುವ ಮುನ್ನ ಒಬ್ಬ ಖಚಿತ ಗಿರಾಕಿಯ ಬಾಗಿಲನ್ನು ತಟ್ಟಿ ಬರುವುದು ಒಳಿತು. ಅಲ್ಲಿ ಸಿಗುವ ಉತ್ತರವು ಬ್ಯಾಂಕಿನ ಮಂಜೂರಾತಿ ಪತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.